ನಾಲ್ವರಿರುವ ಬ್ಯಾರಕ್ ಕೋಣೆಯಲ್ಲಿ ಸಮವಸ್ತ್ರ, ಬೂಟು, ಪಿಟ್ಠು: ಯಾವುದನ್ನು ಎಲ್ಲಿ ಇಡುವುದು?

ಹಾವೇರಿಯ ಜವಾನ:

ಎಲ್ಲರಿಗೂ ನಮಸ್ಕಾರ. ನಾನು ಅಗ್ನಿವೀರನಾಗಿ ತರಬೇತಿ ಮುಗಿಸಿ ಅಸ್ಸಾಮಿನ ಒಂದು ಕಂಟೋನ್ಮೆಂಟಿಗೆ ಬಂದಿದ್ದೇನೆ. ತರಬೇತಿ ಕೇಂದ್ರದ ಉದ್ದನೆಯ ಬ್ಯಾರಕ್‌ನಲ್ಲಿ ಯಾವ ವಸ್ತು ಎಲ್ಲಿರಬೇಕೆಂಬುದನ್ನು ಉಸ್ತಾದರೇ ಹೇಳುತ್ತಿದ್ದರು. ಟವೆಲಿನ ಮಡಿಕೆ ಯಾವ ಕಡೆಗಿರಬೇಕೆಂಬುದನ್ನೂ ನಾವು ಯೋಚಿಸಬೇಕಾಗಿರಲಿಲ್ಲ. ಇಲ್ಲಿ ಹಾಗಿಲ್ಲ. ಚಿಕ್ಕ ಕೋಣೆ, ನಾಲ್ಕು ಮಂಚ, ನಾಲ್ವರಿಗೂ ಸೇರಿ ಒಂದೇ ಕಬ್ಬಿಣದ ಕಪಾಟು, ಮಂಚದ ಕೆಳಗೆ ತಲಾ ಒಂದು ಕಪ್ಪು ಟ್ರಂಕು. ಕಪಾಟಿನಲ್ಲಿ ನನ್ನ ಪಾಲಿಗೆ ಒಂದು ಖಾನೆ ಬಂದಿದೆ.

ಕಾಂಬ್ಯಾಟ್ ಸಮವಸ್ತ್ರಗಳು, ಪಿಟಿ ಮತ್ತು ಗೇಮ್ಸ್ ಉಡುಪು, ಚಳಿಗಾಲದ ಅಂಗೋಲಾ ಶರ್ಟು ಮತ್ತು ಜರ್ಸಿ, ಪೆರೇಡಿನ ಉಡುಪು, ಎರಡು ಜೊತೆ ಬೂಟು, ಕ್ಯಾನ್ವಾಸ್ ಶೂ, ಹಾಸಿಗೆಯ ಸಾಮಾನು, ಸೊಳ್ಳೆಪರದೆ, ಪಿಟ್ಠು ಎಂಬ ಬೆನ್ನುಚೀಲ, ಊಟದ ಮೆಸ್ ಟಿನ್ನು, ರಜೆಗೆ ಹೋಗುವಾಗ ಹಾಕಿಕೊಳ್ಳುವ ಸಿವಿಲ್ ಬಟ್ಟೆ, ಇಷ್ಟೆಲ್ಲವೂ ಇದರಲ್ಲೇ ಹಿಡಿಯಬೇಕು. ಹಿಡಿಯುತ್ತದೆ, ನಿಜ. ಆದರೆ ಬೆಳಿಗ್ಗೆ ಒಂದು ಬನಿಯನ್ನಿಗಾಗಿ ಟ್ರಂಕನ್ನೆಲ್ಲ ಬುಡಮೇಲು ಮಾಡಬೇಕಾಗುತ್ತದೆ, ತಳದಲ್ಲಿರುವ ಬಟ್ಟೆಗಳಿಗೆ ಮುಗ್ಗಲು ವಾಸನೆ ಹಿಡಿದಿದೆ, ಹಾಕದೆ ಇಟ್ಟ ಬೂಟಿನ ಮೇಲೆ ಬಿಳಿ ಬೂಷ್ಟು ಬಂದಿದೆ. ಅನುಭವಸ್ಥರು ದಾರಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಗೋಣಿಕೊಪ್ಪದ ನಿವೃತ್ತ ಸುಬೇದಾರ್:

ತಮ್ಮಾ, ನೀನು ಈಗ ಬಹುಶಃ ಶರ್ಟುಗಳೆಲ್ಲ ಒಂದು ಕಡೆ, ಪ್ಯಾಂಟುಗಳೆಲ್ಲ ಒಂದು ಕಡೆ, ಕಾಲುಚೀಲಗಳೆಲ್ಲ ಒಂದು ಮೂಲೆಯಲ್ಲಿ ಎಂದು ಜಾತಿವಾರು ಜೋಡಿಸಿದ್ದೀಯೆ. ಮನೆಯ ಬೀರುವಿಗೆ ಅದು ಸರಿ. ಬ್ಯಾರಕ್‌ನಲ್ಲಿ ವಸ್ತುಗಳನ್ನು ಹೊತ್ತಿನ ಪ್ರಕಾರ ಜೋಡಿಸಬೇಕು, ಏಕೆಂದರೆ ಅಲ್ಲಿ ಪಿಟಿ, ಪೆರೇಡು, ಗೇಮ್ಸ್, ರೋಲ್ ಕಾಲ್ ಎಂದು ದಿನಕ್ಕೆ ನಾಲ್ಕಾರು ಬಾರಿ ಉಡುಪು ಬದಲಾಗುತ್ತದೆ ಮತ್ತು ಪ್ರತಿ ಬಾರಿಯೂ ಸಿಗುವುದು ಕೆಲವೇ ನಿಮಿಷಗಳು. ಪಿಟಿಯ ಬನಿಯನ್ನು, ಚಡ್ಡಿ, ಕಾಲುಚೀಲ ಮೂರೂ ಒಂದೇ ಕಟ್ಟಾಗಿರಲಿ. ಅದನ್ನು ಎತ್ತಿದರೆ ಇನ್ನೊಂದನ್ನು ಹುಡುಕುವ ಪ್ರಮೇಯವೇ ಬರಬಾರದು. ಪೆರೇಡಿನ ಕಾಂಬ್ಯಾಟ್ ಜೊತೆಗೆ ಒಳಗಿನ ಟೀ ಶರ್ಟು, ಬೆಲ್ಟು, ಟೋಪಿ ಸೇರಿ ಒಂದು ಕಟ್ಟು. ಸಂಜೆಯದು ಇನ್ನೊಂದು.

ಕಪಾಟಿನ ಆ ಒಂದು ಖಾನೆಯಲ್ಲಿ ಇಂದು ಮತ್ತು ನಾಳೆ ಬೇಕಾಗುವುದು ಮಾತ್ರ ಇರಲಿ. ಟ್ರಂಕಿನ ಮೇಲ್ಭಾಗದಲ್ಲಿ ಈ ವಾರಕ್ಕೆ ಬೇಕಾದ್ದು, ನಡುವೆ ಸಿವಿಲ್ ಬಟ್ಟೆ, ತಳದಲ್ಲಿ ಋತು ಬದಲಾಗುವವರೆಗೆ ಕೈ ಹಾಕಬೇಕಾಗಿಲ್ಲದ ಉಣ್ಣೆ. ಪೆರೇಡಿನ ಉಡುಪು ಮಾತ್ರ ಇದಕ್ಕೆ ಹೊರತು. ಅದು ಅಪರೂಪಕ್ಕೆ ಬೇಕಾಗುವುದಾದರೂ ಬೇಕೆಂದಾಗ ಇಸ್ತ್ರಿಯ ಗೆರೆ ಕೆಡದೆ ಬೇಕು. ಆದ್ದರಿಂದ ಅದನ್ನು ಹ್ಯಾಂಗರಿಗೆ ಹಾಕಿ, ಮೇಲೊಂದು ಹಳೆಯ ಹತ್ತಿ ಬಟ್ಟೆ ಹೊದಿಸಿ, ಕಪಾಟಿನ ಸಾಮೂಹಿಕ ಕಂಬಿಗೆ ನೇತುಹಾಕು.

ಪಿಟ್ಠುವಿನ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನವನು. ಅದರೊಳಗಿನ ಗ್ರೌಂಡ್‌ಶೀಟು, ಬದಲಿ ಕಾಲುಚೀಲ, ಮೆಸ್ ಟಿನ್ನು, ಸೂಜಿದಾರದ ಚೀಲ ಇವು ಕೋಣೆಯ ದಿನಬಳಕೆಯ ಸಾಮಾನುಗಳಲ್ಲ. ಒಗೆದ ಕಾಲುಚೀಲ ಒಣಗಿಲ್ಲವೆಂದು ಪಿಟ್ಠುವಿನಿಂದ ಒಂದು ಜೊತೆ ತೆಗೆದವನು ಅದನ್ನು ಹಿಂದಕ್ಕಿಡುವುದಿಲ್ಲ. ರಾತ್ರಿ ಏಕಾಏಕಿ ಹೊರಡಬೇಕಾದಾಗ ಅದು ಗೊತ್ತಾಗುತ್ತದೆ. ಕಟ್ಟಿದ ಪಿಟ್ಠು ಮಂಚದ ತಲೆದೆಸೆಯಲ್ಲಿ, ಬೂಟು ಕಾಲ್ದೆಸೆಯಲ್ಲಿ ಹಿಮ್ಮಡಿ ಗೋಡೆಯ ಕಡೆಗೆ, ಟಾರ್ಚು ದಿಂಬಿನ ಬಲಕ್ಕೆ ಇರಲಿ. ದೀಪ ಇಲ್ಲದಾಗಲೂ ಕೈ ತಾನಾಗಿ ಅಲ್ಲಿಗೆ ಹೋಗುವಂತಿರಬೇಕು. ಆಯುಧ ಹೇಗೂ ಕೋತ್‌ನಲ್ಲಿ, ಅಂದರೆ ಆಯುಧಗಳ ಕೋಣೆಯಲ್ಲಿ, ಇರುತ್ತದೆ, ಅದಕ್ಕೆ ಕೋಣೆಯಲ್ಲಿ ಜಾಗ ಹುಡುಕಬೇಕಾಗಿಲ್ಲ ಎಂಬುದೊಂದು ಸಮಾಧಾನ.

ಕಾರವಾರದ ನಾವಿಕ:

ಸುಬೇದಾರ್ ಸಾಹೇಬರು ಹೇಳಿದ ಹೊತ್ತಿನ ಲೆಕ್ಕವನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ನೌಕಾಪಡೆಯ ಒಂದು ಪದ್ಧತಿಯನ್ನು ಸೇರಿಸುತ್ತೇನೆ. ಹಡಗಿನಲ್ಲಿ ಮಲಗುವ ಬಂಕು ಒಂದರ ಮೇಲೊಂದಿರುತ್ತದೆ, ಲಾಕರು ಎಂಬುದು ನಿಮ್ಮ ಒಂದು ಖಾನೆಗಿಂತ ದೊಡ್ಡದೇನಲ್ಲ. ಅಲ್ಲಿ ಬಟ್ಟೆಯನ್ನು ಮಡಚಿ ಒಂದರ ಮೇಲೊಂದು ಒಟ್ಟುವುದಕ್ಕಿಂತ ಬಿಗಿಯಾಗಿ ಸುರುಳಿ ಸುತ್ತಿ ಪಕ್ಕಪಕ್ಕದಲ್ಲಿ ನಿಲ್ಲಿಸುವುದು ಉತ್ತಮ. ಒಟ್ಟಿದ ರಾಶಿಯಲ್ಲಿ ಕೆಳಗಿನದನ್ನು ಎಳೆದರೆ ಮೇಲಿನದೆಲ್ಲ ಕುಸಿಯುತ್ತದೆ. ನಿಲ್ಲಿಸಿದ ಸುರುಳಿಗಳಲ್ಲಿ ಯಾವುದನ್ನು ತೆಗೆದರೂ ಉಳಿದವು ಕದಲುವುದಿಲ್ಲ, ಮೇಲಿನಿಂದ ನೋಡಿದರೆ ಎಲ್ಲವೂ ಕಾಣುತ್ತದೆ.

ಸುರುಳಿ ಸುತ್ತುವ ಕ್ರಮ ಹೀಗೆ. ಬನಿಯನ್ನನ್ನು ಮೇಜಿನ ಮೇಲೆ ಹರಡಿ, ಕೆಳಗಿನ ಅಂಚನ್ನು ನಾಲ್ಕು ಬೆರಳಿನಷ್ಟು ಹೊರಮುಖವಾಗಿ ಮೇಲಕ್ಕೆ ಮಡಿಸಿ. ಎರಡೂ ಬದಿಗಳನ್ನು ತೋಳು ಸಹಿತ ನಡುವಿಗೆ ಮಡಚಿ, ಕೊರಳಿನ ಕಡೆಯಿಂದ ಗಾಳಿ ಉಳಿಯದಂತೆ ಬಿಗಿಯಾಗಿ ಸುತ್ತುತ್ತ ಬಂದು, ಕೊನೆಗೆ ಆ ಮಡಿಸಿದ ಅಂಚನ್ನು ಸುರುಳಿಯ ಮೇಲೆ ತಿರುವಿ ಹಾಕಿ. ಅದು ಜೇಬಿನಂತೆ ಸುರುಳಿಯನ್ನು ಹಿಡಿದುಕೊಳ್ಳುತ್ತದೆ, ಚೀಲಕ್ಕೆ ಎಸೆದರೂ ಬಿಚ್ಚುವುದಿಲ್ಲ.

ಬೂಷ್ಟಿನ ಬಗ್ಗೆ ಹೇಳುವುದಾದರೆ, ಕರಾವಳಿಯವರಿಗೆ ಅದು ಹುಟ್ಟಿನಿಂದ ಪರಿಚಿತ. ಟ್ರಂಕನ್ನು ನೆಲಕ್ಕೆ ನೇರವಾಗಿ ತಾಗಿಸಿ ಇಡಬೇಡಿ. ಎರಡು ಮರದ ಪಟ್ಟಿಯನ್ನೋ ನಾಲ್ಕು ಇಟ್ಟಿಗೆಯನ್ನೋ ಅಡಿಯಲ್ಲಿ ಕೊಡಿ, ಹೊರಗೋಡೆಯಿಂದ ಒಂದು ಗೇಣು ದೂರ ತನ್ನಿ. ಕಬ್ಬಿಣದ ತಗಡು ರಾತ್ರಿ ಬೇಗ ತಣ್ಣಗಾಗುವುದರಿಂದ ಒಳಗಿನ ಗಾಳಿಯಲ್ಲಿರುವ ತೇವ ಅದರ ಒಳಮೈಗೆ ಹನಿಯಾಗಿ ಕೂರುತ್ತದೆ, ಅದನ್ನು ಬಟ್ಟೆ ಹೀರುತ್ತದೆ. ತಳಕ್ಕೆ ಪ್ಲಾಸ್ಟಿಕ್ ಹಾಸುವವರಿದ್ದಾರೆ. ಅದು ತುಕ್ಕಿನ ಕಲೆಯನ್ನು ತಡೆದರೂ ತೇವವನ್ನು ಅಲ್ಲೇ ಹಿಡಿದಿಡುತ್ತದೆ. ದಪ್ಪ ಕಂದು ಕಾಗದ ಅಥವಾ ಹಳೆಯ ಬೆಡ್‌ಶೀಟು ಹಾಸಿ. ಬಿಸಿಲು ಬಿದ್ದ ದಿನ ಟ್ರಂಕಿನ ಮುಚ್ಚಳ ತೆರೆದು ಒಂದೆರಡು ಗಂಟೆ ಬಿಸಿಲಿಗಿಟ್ಟರೆ ಯಾವ ಪುಡಿಯೂ ಬೇಕಾಗುವುದಿಲ್ಲ.

ನಿರ್ವಾಹಕರು:

ಚರ್ಚೆ ಉಪಯುಕ್ತವಾಗಿದೆ, ಮುಂದುವರಿಯಲಿ. ಒಂದೇ ವಿನಂತಿ: ಕೋಣೆಯ ಅಥವಾ ಟ್ರಂಕಿನ ಚಿತ್ರವನ್ನು ಯಾರೂ ಇಲ್ಲಿ ಹಾಕಬೇಡಿ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು, ಘಟಕ ಎಲ್ಲವೂ ಬರೆದಿರುತ್ತದೆ. 2020ರ ಜುಲೈನಲ್ಲಿ ಭೂಸೇನೆಯು ತನ್ನ ಸಿಬ್ಬಂದಿಗೆ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆದುಹಾಕುವಂತೆ ಹೇಳಿದ್ದು ಇಂಥ ಸಣ್ಣ ಸಣ್ಣ ಮಾಹಿತಿ ಸೋರುವುದನ್ನು ತಡೆಯಲೆಂದೇ. ಯಾವ ಊರಿನ ಕಂಟೋನ್ಮೆಂಟು ಎಂದು ಯಾರೂ ಕೇಳಲೂ ಬೇಡಿ, ಹೇಳಲೂ ಬೇಡಿ.

ಗೋಣಿಕೊಪ್ಪದ ನಿವೃತ್ತ ಸುಬೇದಾರ್:

ನಾವಿಕರೇ, ಸುರುಳಿಯ ಬಗ್ಗೆ ನನ್ನದೊಂದು ತಕರಾರಿದೆ. ಬನಿಯನ್ನು, ಚಡ್ಡಿ, ಟವೆಲು, ಟ್ರ್ಯಾಕ್‌ಸೂಟು ಸುತ್ತಿಡಬಹುದು. ಆದರೆ ಕಾಂಬ್ಯಾಟ್ ಶರ್ಟನ್ನು ಸುತ್ತಿಟ್ಟರೆ ಎದೆಯ ಮೇಲಿನ ಹೆಸರುಪಟ್ಟಿಯ ಅಂಚು, ಜೇಬಿನ ಮುಚ್ಚಳ, ಕೊರಳಪಟ್ಟಿ ಎಲ್ಲವೂ ವಕ್ರವಾಗುತ್ತವೆ, ಬೆಳಗಿನ ಫಾಲ್-ಇನ್‌ನಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ. ನೀವು ಹಡಗಿನಲ್ಲಿ ಸ್ಥಳದ ಅಭಾವದಿಂದ ಕಲಿತದ್ದನ್ನು ನೆಲದ ಮೇಲಿನವರು ಇದ್ದಹಾಗೆಯೇ ಅನುಸರಿಸಬೇಕಾಗಿಲ್ಲ. ಇನ್ನೊಂದು ಮಾತು, ಕಿಟ್ ಲೇಔಟ್ ಪರಿಶೀಲನೆಯ ದಿನ ಎಲ್ಲವನ್ನೂ ಮಂಚದ ಮೇಲೆ ಗೊತ್ತುಪಡಿಸಿದ ಕ್ರಮದಲ್ಲಿ, ಗೊತ್ತುಪಡಿಸಿದ ಅಗಲಕ್ಕೆ ಮಡಚಿ ತೋರಿಸಬೇಕು. ಸುತ್ತಿಟ್ಟವನು ಹಿಂದಿನ ರಾತ್ರಿಯೆಲ್ಲ ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಲ್ಲಬೇಕಾಗುತ್ತದೆ.

ಕಾರವಾರದ ನಾವಿಕ:

ಸಾಹೇಬರೇ, ನಮ್ಮಲ್ಲೂ ಕಿಟ್ ಮಸ್ಟರ್ ಇದೆ, ನಾವೂ ಮಡಚಿಯೇ ತೋರಿಸುತ್ತೇವೆ. ಪೆರೇಡಿನ ಬಿಳಿ ಉಡುಪನ್ನು ಸುತ್ತಬೇಕೆಂದು ನಾನು ಹೇಳಲಿಲ್ಲ. ಮೈಗೆ ತಾಗುವ ಒಳಬಟ್ಟೆ ಸುರುಳಿ, ಕಣ್ಣಿಗೆ ಕಾಣುವ ಹೊರಬಟ್ಟೆ ಮಡಿಕೆ ಎಂದಿಟ್ಟುಕೊಂಡರೆ ನಮ್ಮಿಬ್ಬರ ಮಾತೂ ಉಳಿಯುತ್ತದೆ.

ಸಾಂಬ್ರಾ ಬಿಲೆಟ್:

ನಾನು ವಾಯುಪಡೆಯವನು. ಬೆಳಗಾವಿಯ ಸಾಂಬ್ರಾದಲ್ಲಿರುವ ಏರ್‌ಮೆನ್ ತರಬೇತಿ ಶಾಲೆಯಲ್ಲಿ ಆರಂಭದ ತರಬೇತಿ ಪಡೆದವನು. ನಮ್ಮಲ್ಲಿ ಬ್ಯಾರಕನ್ನು ಬಿಲೆಟ್ ಎನ್ನುತ್ತೇವೆ. ಮೇಲಿನ ಉತ್ತರಗಳೆಲ್ಲ ಒಬ್ಬನ ಸಾಮಾನನ್ನು ಕುರಿತಾಗಿವೆ, ಆದರೆ ಪ್ರಶ್ನೆ ಕೇಳಿದವರ ಕೋಣೆಯಲ್ಲಿ ಇರುವುದು ನಾಲ್ವರು. ತೇವದ ಮುಖ್ಯ ಮೂಲವೂ ಅದೇ. ನಾಲ್ವರು ಸಂಜೆ ಗೇಮ್ಸ್ ಮುಗಿಸಿ ಬಂದು ಬೆವರಿನ ಬಟ್ಟೆಯನ್ನು, ಒದ್ದೆ ಟವೆಲನ್ನು ಮಂಚದ ಸರಳಿಗೆ ಹಾಕಿ, ಸೊಳ್ಳೆಯ ಭಯಕ್ಕೆ ಕಿಟಕಿ ಮುಚ್ಚಿ ಮಲಗಿದರೆ ಟ್ರಂಕಿನ ಅಡಿಗೆ ಎಷ್ಟು ಇಟ್ಟಿಗೆ ಕೊಟ್ಟರೂ ಪ್ರಯೋಜನವಿಲ್ಲ. ಒದ್ದೆಯಾದ ಯಾವುದೂ ರಾತ್ರಿ ಕೋಣೆಯೊಳಗೆ ಉಳಿಯಬಾರದೆಂದು ನಾಲ್ವರೂ ಕೂತು ಮಾತಾಡಿಕೊಳ್ಳಬೇಕು. ವರಾಂಡದ ಸೂರಿನಡಿ ಒಂದು ಹಗ್ಗ ಕಟ್ಟಿ, ಅದರಲ್ಲಿ ತಲಾ ಒಂದು ಮಾರು ಹಂಚಿಕೊಳ್ಳಿ. ಮಳೆ ಹಿಡಿದಾಗ ಫ್ಯಾನಿನ ಕೆಳಗೆ ಒಣಗಿಸಲೇಬೇಕಾದರೆ ಒಬ್ಬೊಬ್ಬರು ಒಂದೊಂದು ದಿನ ಒಗೆಯಲಿ, ನಾಲ್ವರೂ ಭಾನುವಾರಕ್ಕೇ ಕಾಯಬಾರದು.

ಗೋಡೆಗೆ ಮೊಳೆ ಹೊಡೆಯುವ ಮೊದಲು ಕ್ವಾರ್ಟರ್ ಮಾಸ್ಟರ್ ಕಡೆಯವರನ್ನು ಕೇಳಿ. ಕಟ್ಟಡ ಸೇನೆಯ ಕಟ್ಟಡಗಳನ್ನು ನೋಡಿಕೊಳ್ಳುವ ಎಂಇಎಸ್‌ನದು (ಮಿಲಿಟರಿ ಎಂಜಿನಿಯರ್ ಸರ್ವಿಸಸ್), ಬಿಟ್ಟುಕೊಡುವಾಗ ಮೊಳೆಯ ತೂತು, ಕಿತ್ತ ಗಾರೆ ಎಲ್ಲವೂ ಬ್ಯಾರಕ್ ಡ್ಯಾಮೇಜ್ ಲೆಕ್ಕಕ್ಕೆ ಬರುತ್ತವೆ. ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿಸಿದ ದಪ್ಪ ತಂತಿಯ ಕೊಕ್ಕೆಗಳನ್ನು ಕಪಾಟಿನ ಅಂಚಿಗೂ ಮಂಚದ ಸರಳಿಗೂ ಸಿಕ್ಕಿಸಿದರೆ ಬೆಲ್ಟು, ನೀರಿನ ಬಾಟಲಿ, ಹೆಲ್ಮೆಟ್ಟು ಎಲ್ಲವೂ ನೆಲ ಬಿಟ್ಟು ಮೇಲೇರುತ್ತವೆ, ಗೋಡೆಗೆ ಗೀರೂ ಬೀಳುವುದಿಲ್ಲ.

ಸಾಮೂಹಿಕ ಕಂಬಿಯ ವಿಷಯವನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಒಬ್ಬೊಬ್ಬರಿಗೆ ಎರಡು ಹ್ಯಾಂಗರು, ಹೆಚ್ಚಿಲ್ಲ. ಸೀನಿಯರ್ ಇದ್ದರೆ ಅವರಿಗೆ ಮೇಲಿನ ಖಾನೆ ಬಿಟ್ಟುಕೊಡುವುದು ರೂಢಿ. ಅದರಿಂದ ನಷ್ಟವೇನಿಲ್ಲ, ಬಗ್ಗದೆ ಕೈಗೆ ಸಿಗುವ ನಡುವಿನ ಖಾನೆಯೇ ವಾಸ್ತವದಲ್ಲಿ ಅನುಕೂಲವಾದದ್ದು. ಇದನ್ನು ನಿಮ್ಮ ಸೀನಿಯರಿಗೆ ಹೇಳಬೇಡಿ.

ಬೆಳಗಾವಿ ಕ್ಯಾಂಪಿನ ದರ್ಜಿ:

ನಾನು ಸೈನಿಕನಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರವಿರುವ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವುದರಿಂದ, ಟ್ರಂಕಿನೊಳಗೆ ಕೆಟ್ಟುಹೋದ ಬಟ್ಟೆಗಳು ಕೊನೆಗೆ ನನ್ನ ಮೇಜಿಗೆ ಬರುತ್ತವೆ. ಆ ಕಡೆಯಿಂದ ಕೆಲವು ಮಾತು ಹೇಳುತ್ತೇನೆ.

ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಮಡಚಿ ಇಡಬೇಡಿ. ಹಳೆಯ ಪುಸ್ತಕಗಳಲ್ಲಿ ಓಡಾಡುವ, ಬೆಳ್ಳಗೆ ಹೊಳೆಯುವ ಚಪ್ಪಟೆ ಹುಳುವಿಗೆ ಗಂಜಿ ಮೆಚ್ಚಿನ ಆಹಾರ. ಅದು ಗಂಜಿಗಾಗಿ ಕೆರೆಯುವಾಗ ನೂಲೂ ಹೋಗುತ್ತದೆ. ಜೊತೆಗೆ ಗಂಜಿ ಹಾಕಿದ ಗೆರೆ ಒಂದೇ ಕಡೆ ಬಹಳ ಕಾಲ ಒತ್ತಿದ್ದರೆ ಮಡಿಕೆಯಲ್ಲಿ ನೂಲು ಮುರಿಯುತ್ತದೆ. ದೀರ್ಘಕಾಲ ಇಡುವುದನ್ನು ಗಂಜಿಯಿಲ್ಲದೆ ಒಗೆದು, ಚೆನ್ನಾಗಿ ಒಣಗಿಸಿ ಇಡಿ. ಬೇಕಾದಾಗ ಗಂಜಿ ಹಾಕಿಕೊಂಡರಾಯಿತು. 2022ರ ಜನವರಿ 15ರ ಸೇನಾ ದಿನದಂದು ಪರಿಚಯಿಸಿದ ಹೊಸ ಕಾಂಬ್ಯಾಟ್ ಬಟ್ಟೆಯಲ್ಲಿ 70 ಪಾಲು ಹತ್ತಿ, 30 ಪಾಲು ಪಾಲಿಯೆಸ್ಟರ್ ಇದೆ. ಅದು ಬೇಗ ಒಣಗುತ್ತದೆ, ಗೆರೆಯೂ ತಕ್ಕಮಟ್ಟಿಗೆ ನಿಲ್ಲುತ್ತದೆ. ಆದರೆ ಅತಿ ಬಿಸಿ ಇಸ್ತ್ರಿ ತಗುಲಿದರೆ ಹೊಲಿಗೆಯ ಉಬ್ಬಿನ ಮೇಲೆ ಹೊಳಪು ಬಂದುಬಿಡುತ್ತದೆ, ಆ ಹೊಳಪನ್ನು ಮತ್ತೆ ತೆಗೆಯಲಾಗುವುದಿಲ್ಲ. ಒಳಮೈ ಹೊರಗೆ ಮಾಡಿ, ಅಥವಾ ಮೇಲೊಂದು ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು.

ಉಣ್ಣೆಯ ಶತ್ರು ಬೇರೆ. ನುಸಿಯ ಮರಿ ತಿನ್ನುವುದು ಉಣ್ಣೆಯನ್ನು, ಅದರಲ್ಲೂ ಬೆವರು, ಎಣ್ಣೆ, ಊಟದ ಕಲೆ ಇರುವ ಜಾಗವನ್ನು. ಜರ್ಸಿಯಲ್ಲಿ ತೂತು ಯಾವಾಗಲೂ ಕೊರಳು, ಕಂಕುಳು, ಎದೆಯ ಹತ್ತಿರವೇ ಬೀಳುವುದನ್ನು ಗಮನಿಸಿದ್ದೇನೆ. ಒಮ್ಮೆ ಹಾಕಿದ ಜರ್ಸಿಯನ್ನು ಒಗೆಯದೆ ಮುಂದಿನ ಚಳಿಗಾಲಕ್ಕೆ ಎತ್ತಿಡಬಾರದು. ನುಸಿಗುಳಿಗೆ ಹಾಕುವುದಾದರೆ ಹತ್ತಿ ಬಟ್ಟೆಯ ತುಂಡಿನಲ್ಲಿ ಕಟ್ಟಿ ಬಟ್ಟೆಯ ಮೇಲ್ಭಾಗದಲ್ಲಿಡಿ, ಏಕೆಂದರೆ ಅದರ ಆವಿ ಗಾಳಿಗಿಂತ ಭಾರ, ಕೆಳಕ್ಕೆ ಇಳಿಯುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ ಗುಂಡಿಗೆ ಅದು ನೇರವಾಗಿ ತಾಗಿದರೆ ಗುಂಡಿ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ನಾಲ್ವರು ಮಲಗುವ ಮುಚ್ಚಿದ ಕೋಣೆಯಲ್ಲಿ ಬೊಗಸೆಗಟ್ಟಲೆ ಗುಳಿಗೆ ಹಾಕುವುದು ಆರೋಗ್ಯಕ್ಕೂ ಒಳ್ಳೆಯದಲ್ಲ. ಒಣಗಿದ ಬೇವಿನ ಎಲೆ ಅಷ್ಟು ಬಲವಾದದ್ದಲ್ಲವಾದರೂ ತಲೆನೋವು ತರುವುದಿಲ್ಲ.

ಹಿತ್ತಾಳೆಯ ಬಕಲು, ಬ್ಯಾಡ್ಜುಗಳನ್ನು ರಬ್ಬರಿನ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ. ರಬ್ಬರಿನಲ್ಲಿರುವ ಗಂಧಕದಿಂದ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಬ್ರಾಸೋ ಹಚ್ಚಿ ಉಜ್ಜಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಡಿ, ಉಜ್ಜುವಾಗ ಸಮವಸ್ತ್ರದಿಂದ ಬಿಚ್ಚಿ ಉಜ್ಜಿ. ಬಟ್ಟೆಗೆ ತಗುಲಿದ ಬ್ರಾಸೋ ಒಣಗಿ ಬಿಳಿ ಕಲೆಯಾಗಿ ಉಳಿದಿರುವ ಸಮವಸ್ತ್ರಗಳನ್ನು ಬೇಕಾದಷ್ಟು ನೋಡಿದ್ದೇನೆ.

ಲೇಹ್‌ನಿಂದ:

ದರ್ಜಿ ಅಣ್ಣನವರ ಮಾತು ಬಯಲುಸೀಮೆಗೂ ಕರಾವಳಿಗೂ ಸರಿ. ಅಗ್ನಿವೀರ ತಮ್ಮನಿಗೆ ಮುಂದೆ ಎತ್ತರದ ಪ್ರದೇಶಕ್ಕೆ ಹೋಗುವ ಸಂದರ್ಭ ಬಂದರೆ ಲೆಕ್ಕವೇ ತಿರುಗುಮುರುಗಾಗುತ್ತದೆ. ಲಡಾಖಿನಲ್ಲಿ ಬೂಷ್ಟಿನ ಕಾಟವಿಲ್ಲ, ಒಣಹವೆಯ ಕಾಟವಿದೆ. ಚರ್ಮದ ಬೂಟು ಬಿರಿಯುತ್ತದೆ. ಪಾಲಿಷ್ ಮಾತ್ರ ಸಾಲದು, ಚರ್ಮಕ್ಕೆ ಹಚ್ಚುವ ಕೊಬ್ಬಿನ ಲೇಪವೂ ಬೇಕು. ಒಳಗೆ ಹಕ್ಕಿಯ ತುಪ್ಪಳ ತುಂಬಿದ ಕೋಟು ಮತ್ತು ಮಲಗುವ ಚೀಲವನ್ನು ಜಾಗ ಉಳಿಸಲೆಂದು ಹಿಂಡಿ ಕಟ್ಟಿ ಟ್ರಂಕಿನ ತಳಕ್ಕೆ ಹಾಕಬಾರದು. ಅದು ಬೆಚ್ಚಗಿಡುವುದು ತುಪ್ಪಳದ ನಡುವೆ ನಿಂತ ಗಾಳಿಯಿಂದ; ಬಹಳ ಕಾಲ ಒತ್ತಿಟ್ಟರೆ ತುಪ್ಪಳ ಮತ್ತೆ ಪೂರ್ತಿ ಉಬ್ಬುವುದಿಲ್ಲ. ಪ್ರಯಾಣದ ದಿನ ಮಾತ್ರ ಹಿಂಡಿ ಕಟ್ಟಿ, ಕೋಣೆ ಸೇರಿದ ಕೂಡಲೇ ಬಿಚ್ಚಿ ಕೊಡವಿ ನೇತುಹಾಕಬೇಕು. ಇಂಥ ವಿಶೇಷ ಉಡುಪನ್ನು ಸಾಮಾನ್ಯವಾಗಿ ಸ್ಟೋರಿಗೆ ಹಿಂದಿರುಗಿಸಬೇಕಾಗುತ್ತದೆ, ಆದ್ದರಿಂದ ಸ್ವಂತ ಬಟ್ಟೆಯ ಜೊತೆ ಬೆರೆಸದೆ ಪಟ್ಟಿ ಸಹಿತ ಬೇರೆ ಚೀಲದಲ್ಲಿಡುವುದು ಕ್ಷೇಮ.

ಅಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಬುಖಾರಿ. ಸೀಮೆಎಣ್ಣೆಯ ಆ ಒಲೆಯ ಕೊಳವೆಯ ಮೇಲೆ ಕಾಲುಚೀಲ ಒಣಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಪಾಲಿಯೆಸ್ಟರ್ ಮಿಶ್ರಿತ ಬಟ್ಟೆ ಕರಗಿ ಅಂಟುತ್ತದೆ, ಬೂಟಿನ ಅಟ್ಟೆಯ ಅಂಟು ಬಿಡುತ್ತದೆ, ಬೆಂಕಿಯೂ ಹತ್ತಬಹುದು. ಬುಖಾರಿಯ ಸುತ್ತ ಎರಡು ಮಾರು ಜಾಗದಲ್ಲಿ ಯಾವ ಬಟ್ಟೆಯೂ, ಯಾವ ಹಗ್ಗವೂ ಇರಕೂಡದು. ಕೋಣೆ ಎಷ್ಟೇ ಚಿಕ್ಕದಿರಲಿ, ಆ ಜಾಗವನ್ನು ಖಾಲಿ ಬಿಟ್ಟ ಮೇಲೆಯೇ ಉಳಿದ ಸಾಮಾನಿನ ಯೋಚನೆ ಮಾಡಬೇಕು.

ಹಾವೇರಿಯ ಜವಾನ:

ಎಲ್ಲರಿಗೂ ಋಣಿಯಾಗಿದ್ದೇನೆ. ನಿಮ್ಮ ಮಾತಿನಂತೆ ಹೊತ್ತಿನ ಕಟ್ಟುಗಳನ್ನು ಮಾಡಿಕೊಂಡ ಮೇಲೆ ಬೆಳಿಗ್ಗೆ ಟ್ರಂಕು ತೆರೆಯುವ ಕೆಲಸವೇ ತಪ್ಪಿದೆ. ಒದ್ದೆ ಬಟ್ಟೆಯ ವಿಷಯದಲ್ಲಿ ಕೋಣೆಯ ಉಳಿದ ಮೂವರೂ ಒಪ್ಪಿದ್ದಾರೆ. ಒಬ್ಬರು ತಮಿಳುನಾಡಿನವರು, ಒಬ್ಬರು ಬಿಹಾರದವರು, ಇನ್ನೊಬ್ಬರು ಸತಾರಾದವರು, ವರಾಂಡದ ಹಗ್ಗದ ಹಂಚಿಕೆಯನ್ನು ಹಿಂದಿಯಲ್ಲಿ ಚರ್ಚಿಸಿ ತೀರ್ಮಾನಿಸಿದ್ದಾಯಿತು. ಎರಡು ಪ್ರಶ್ನೆ ಉಳಿದಿವೆ. ಬೂಷ್ಟು ಬಂದ ಬೂಟನ್ನು ಹೇಗೆ ಸರಿಪಡಿಸುವುದು? ಟ್ರಂಕಿನ ತಳಕ್ಕೆ ತುಕ್ಕು ಹಿಡಿದಿದೆ, ರಜೆಗೆ ಬಂದಾಗ ಊರಿನಲ್ಲೇ ಹೊಸದನ್ನು ಮಾಡಿಸಿ ರೈಲಿನಲ್ಲಿ ತರಬೇಕೆಂದಿದ್ದೇನೆ. ಯಾವ ಅಳತೆಯದು ಮಾಡಿಸಲಿ?

ಗೋಣಿಕೊಪ್ಪದ ನಿವೃತ್ತ ಸುಬೇದಾರ್:

ಬೂಟನ್ನು ಹೊರಗೆ ಒಯ್ದು ಒಣ ಬ್ರಷ್ಷಿನಿಂದ ಬೂಷ್ಟನ್ನು ಉದುರಿಸು. ಕೋಣೆಯಲ್ಲೇ ಉಜ್ಜಿದರೆ ಅದು ಇನ್ನೊಬ್ಬರ ಬೂಟಿಗೆ ಹೋಗಿ ಕೂರುತ್ತದೆ. ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಬಟ್ಟೆಯನ್ನು ಅದ್ದಿ, ಹಿಂಡಿ, ಹೊಲಿಗೆಯ ಸಂದುಗಳನ್ನೂ ನಾಲಗೆಯ ಒಳಭಾಗವನ್ನೂ ಒರೆಸು. ದಾರ ಬಿಚ್ಚಿ, ಒಳ ಅಟ್ಟೆ ತೆಗೆದು, ಒಳಗೆ ದಿನಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸು. ಕಾಗದ ತೇವವಾದಂತೆಲ್ಲ ಬದಲಿಸು. ಪೂರ್ತಿ ಒಣಗುವ ಮುಂಚೆ ಪಾಲಿಷ್ ಹಚ್ಚಬೇಡ, ಮೇಣ ತೇವವನ್ನು ಒಳಗೇ ಮುಚ್ಚಿಬಿಡುತ್ತದೆ. ಎರಡು ಜೊತೆ ಇರುವುದರಿಂದ ದಿನ ಬಿಟ್ಟು ದಿನ ಬದಲಿಸಿ ಹಾಕು. ಒಂದನ್ನು ಪರಿಶೀಲನೆಗೆಂದು ಮಿರಮಿರ ಮಿಂಚಿಸಿ ಮೂಲೆಯಲ್ಲಿಟ್ಟು ಇನ್ನೊಂದನ್ನೇ ಸವೆಸುವುದರಿಂದಲೇ ಮೂಲೆಯದಕ್ಕೆ ಬೂಷ್ಟು ಬರುತ್ತದೆ.

ಟ್ರಂಕಿನ ಬಗ್ಗೆ: ಪ್ರಯಾಣಿಕರ ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಯ ಹೊರ ಅಳತೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ ಮೀರಬಾರದೆಂದು ರೈಲ್ವೆಯ ನಿಯಮ. ಮೂರು ಟಯರ್ ಎಸಿಯಲ್ಲಾದರೆ ಇನ್ನೂ ಚಿಕ್ಕದು, 55, 45, 22.5. ಸ್ಲೀಪರ್ ದರ್ಜೆಯಲ್ಲಿ ಉಚಿತವಾಗಿ ಒಯ್ಯಬಹುದಾದ ತೂಕ 40 ಕಿಲೋ. ಆದ್ದರಿಂದ ದಪ್ಪ ತಗಡು ಬೇಡ, ಖಾಲಿ ಪೆಟ್ಟಿಗೆಯೇ ಅರ್ಧ ತೂಕ ತಿಂದುಹಾಕುತ್ತದೆ. ಎತ್ತರ 25ರ ಒಳಗಿದ್ದರೆ ಅಡಿಗೆ ಮರದ ಪಟ್ಟಿ ಕೊಟ್ಟ ಮೇಲೂ ಮಂಚದ ಕೆಳಗೆ ತೂರುತ್ತದೆ, ಆದರೂ ಮಾಡಿಸುವ ಮೊದಲು ಮಂಚದ ಎತ್ತರವನ್ನು ಅಳೆದು ಬರೆದುಕೊಂಡು ಹೋಗು.

ಹಿಡಿಕೆ ಎರಡೂ ಬದಿಗಿರಲಿ, ಮೂಲೆಗಳಿಗೆ ಪಟ್ಟಿ ಹೊಡೆಸು, ಬೀಗದ ಕೊಂಡಿ ಒಂದಲ್ಲ ಎರಡಿರಲಿ. ಒಳಮೈಗೆ ಬಣ್ಣ ಹೊಡೆಯದೆ ಕೊಡುವವರು ಹೆಚ್ಚು. ಮುಂದೆ ನಿಂತು ತಳಕ್ಕೆ ರೆಡ್ ಆಕ್ಸೈಡ್ ಹೊಡೆಸಿ, ಮೇಲೆ ಬಣ್ಣ ಬಳಿಸಿ, ವಾಸನೆ ಹೋಗುವವರೆಗೆ ಒಂದು ವಾರ ಮುಚ್ಚಳ ತೆರೆದಿಡು. ರಜೆಯ ಮೊದಲ ದಿನವೇ ಕೆಲಸಕ್ಕೆ ಕೊಟ್ಟರೆ ಹೊರಡುವ ಹೊತ್ತಿಗೆ ಬಟ್ಟೆ ಇಡುವಂತಾಗುತ್ತದೆ. ಹೆಸರು, ನಂಬರನ್ನು ಊರಿನ ಪೇಂಟರನಿಂದ ಬರೆಸಬೇಡ, ಘಟಕಕ್ಕೆ ಹೋದ ಮೇಲೆ ಅಲ್ಲಿಯ ಮಾದರಿಯಂತೆಯೇ ಬರೆಸು.